ಎಲ್-ಒನ್ ಹುಡುಕಿ ಎಲ್-ಒನ್ ಕೆಡಿಸುವ ಕಥೆ

ಮೊನ್ನೆ ಗುತ್ತಿಗೆದಾರ ಗೆಳೆಯನ ಜೊತೆ ಗೋಳಗುಮ್ಮಟ ಹತ್ತಿದ್ದೆ. ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಮಾತಾಡಿದರೆ ಸುಮಾರು 37 ಮೀಟರ್ ಆಚೆ ಕೂತವನಿಗೆ ಕೇಳಬೇಕು. "ದೋಸ್ತ, ನನ್ನ ಐದು ಸಾವಿರ ಯಾವಾಗ ಕೊಡ್ತಿ?" ಎಂದು ಪಿಸುಗುಟ್ಟಿದೆ. ಅಷ್ಟರಲ್ಲಿ ಶಾಲಾ ಪ್ರವಾಸದ ಹುಡುಗರ ದಂಡು ಬಂತು. "ಏ ಮಂಜ್ಯಾ, ಬಾರಲೇ ಇಲ್ಲೆ!" ಎಂದು ಒಬ್ಬ ಕಿರುಚಿದ. ಗುಮ್ಮಟ ಏಳು ಸಲ ಮಂಜ್ಯಾನನ್ನು ಕರೆಯಿತು. ಎದುರಿನಿಂದ ಗೆಳೆಯ ಕಿವಿ ಮುಟ್ಟಿಕೊಂಡು ಕೈ ಅಲ್ಲಾಡಿಸಿದ. ಏನೂ ಕೇಳಲಿಲ್ಲವಂತೆ. ಮುಖದಲ್ಲಿ ಮಾತ್ರ ಎಂಥ ಸಮಾಧಾನ!

ಇದಕ್ಕೇ ಸೇನೆಯವರು ಜಾಮಿಂಗ್ ಅನ್ನುತ್ತಾರೆ. ಜಿಪಿಎಸ್ ಉಪಗ್ರಹ ಇರುವುದು ಸುಮಾರು 20,200 ಕಿಲೋಮೀಟರ್ ಮೇಲೆ. ಅದು ಅಲ್ಲಿಂದ ಪಿಸುಗುಟ್ಟಿದ್ದು ನಮ್ಮ ಮೊಬೈಲಿಗೆ ಬರುವಷ್ಟರಲ್ಲಿ ಜೀವ ಹಿಡಿದುಕೊಂಡಿದ್ದರೇ ಹೆಚ್ಚು. ಪಕ್ಕದಲ್ಲಿ ಯಾರಾದರೂ ಅದೇ ತರಂಗದಲ್ಲಿ "ಏ ಮಂಜ್ಯಾ" ಅಂದರೆ ಮುಗೀತು.

ಹೀಗೆ ಕಿರುಚುವ ಯಂತ್ರಗಳನ್ನು ಅಮೆರಿಕದ ಸೇನೆ ದುಡ್ಡು ಕೊಟ್ಟು ತರಿಸಿಕೊಳ್ಳುತ್ತದೆ. ಪರೀಕ್ಷೆಗೆ, ತರಬೇತಿಗೆ. ಅದೂ ಪ್ರೋಟೋಟೈಪ್, ಅಂದರೆ ಇನ್ನೂ ಪೂರ್ತಿ ಬೇಯದ ಅಡುಗೆ. ತಮಾಷೆ ಏನಂದ್ರೆ, 1978ರಲ್ಲಿ ಮೊದಲ ಜಿಪಿಎಸ್ ಉಪಗ್ರಹ ಹಾರಿಸಿದ್ದು ಅವರೇ, ಇವತ್ತಿಗೂ ಅದನ್ನು ನಡೆಸುತ್ತಿರುವುದೂ ಅವರೇ. ಮನೆಯಲ್ಲಿ ದೀಪ ಹಚ್ಚಿಟ್ಟು, ಆರಿಸಲು ಫ್ಯಾನಿಗೆ ಟೆಂಡರ್ ಕರೆದ ಹಾಗೆ. ವೈರಿ ಜಾಮ್ ಮಾಡಿದಾಗ ಸೈನಿಕ ಕಂಗಾಲಾಗಬಾರದು ಎಂಬುದು ಕಾರಣ. ಕಾರಣ ಸರಿಯಾಗೇ ಇದೆ, ಇಲ್ಲ ಅನ್ನಲ್ಲ.

ಆದರೆ ಕೆಡಿಸುವ ಮೊದಲು ಡಂಗುರ ಹೊಡೆಸಬೇಕು. ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನಂಥ ಕಡೆ ಪರೀಕ್ಷೆ ಇದ್ದರೆ, ಇಂಥ ದಿನ, ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ, ಇಷ್ಟು ದೂರ ಜಿಪಿಎಸ್ ಕೈಕೊಡಬಹುದು ಎಂದು ಪೈಲಟ್‌ಗಳಿಗೆ ಮುಂಚೆಯೇ ಸೂಚನೆ ಹೋಗುತ್ತದೆ. ವೈರಿಯೂ ಹೀಗೇ ಲಗ್ನಪತ್ರಿಕೆ ಕಳಿಸಿ ಬಂದರೆ ಎಷ್ಟು ಚೆಂದ, ಅಲ್ವಾ?

ಇದೇ ಕೆಲಸವನ್ನು ಟೆಂಡರೂ ಇಲ್ಲದೆ ನ್ಯೂಜೆರ್ಸಿಯ ಒಬ್ಬ ಡ್ರೈವರ್ ಮಾಡಿದ್ದ. ತಾನು ಎಲ್ಲಿದ್ದೇನೆಂದು ಮಾಲೀಕನಿಗೆ ಗೊತ್ತಾಗಬಾರದು, ಅಷ್ಟೇ ಅವನ ಆಸೆ. ಕಂಪನಿ ಗಾಡಿಯಲ್ಲಿ ಪುಟ್ಟ ಜಾಮರ್ ಇಟ್ಟುಕೊಂಡ. ಪಕ್ಕದ ನ್ಯೂವಾರ್ಕ್ ವಿಮಾನ ನಿಲ್ದಾಣದ ಉಪಕರಣವೇ ತಲೆಕೆಟ್ಟಿತು. 2013ರಲ್ಲಿ ಸುಮಾರು 32 ಸಾವಿರ ಡಾಲರ್ ದಂಡ ಬಿತ್ತು. ನನ್ನನ್ನು ಕೇಳಿದರೆ ಅವನಿಗೆ ತರಬೇತುದಾರನ ಹುದ್ದೆ ಕೊಡಬೇಕಿತ್ತು.

ಮೆಟ್ಟಿಲು ಇಳಿಯುತ್ತಾ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಮೊಬೈಲು ಮುಖ್ಯವಾಗಿ ಕೇಳುವ ತರಂಗ 1575.42 ಮೆಗಾಹರ್ಟ್ಸ್, ಅದರ ಹೆಸರು ಎಲ್-ಒನ್ ಅಂದೆ. ಅವನು ಮೆಟ್ಟಿಲ ಮೇಲೇ ನಿಂತ.

"ಎಲ್-ಒನ್? ಹಂಗಂದ್ರ ಎಲ್ಲಾರಕಿಂತ ಕಡಿಮಿ ರೇಟ್ ಹಾಕಿದಾಂವ!"

"ಅದಲ್ಲೋ. ಇದು ಸಿಗ್ನಲ್."

"ಎಲ್-ಒನ್ ಕೆಡಿಸಾಕ ಮಷಿನ್ ಯಾಕ ಬೇಕೋ? ಎಲ್-ಟೂ ಸಾಕು, ಅವನ ಹಿಂದಿನ ಎರಡನೇ ರೇಟಿನಾಂವ. ಕೋರ್ಟಿಗೆ ಹೋಗಿ ಸ್ಟೇ ತರ್ತಾನ."

ಜಿಪಿಎಸ್‌ನಲ್ಲೂ ಎಲ್-ಟೂ ಎಂಬ ಇನ್ನೊಂದು ತರಂಗ ಇದೆ. ನಾನು ಹೇಳಲು ಹೋಗಲಿಲ್ಲ.

ಅವನ ಮಾತು ತೆಗೆದುಹಾಕುವಂಥದ್ದಲ್ಲ. ನಮ್ಮ ರಕ್ಷಣಾ ಖರೀದಿಯಲ್ಲೂ ಮಾಹಿತಿ ಕೇಳುವ ಪತ್ರ, ಅಗತ್ಯ ಇದೆ ಎಂಬ ಒಪ್ಪಿಗೆ, ಟೆಂಡರು, ಮೈದಾನದ ಟ್ರಯಲ್ಲು, ದರದ ಚೌಕಾಸಿ ಎಲ್ಲ ದಾಟಬೇಕು. ಎಲ್-ಒನ್ ಕೆಡಿಸುವ ಯಂತ್ರಕ್ಕೂ ಮೊದಲು ಎಲ್-ಒನ್ ಹುಡುಕಬೇಕು. ಅವನು ಸಿಗುವ ಹೊತ್ತಿಗೆ ಮೇಲಿನ ಉಪಗ್ರಹಕ್ಕೇ ಪಿಂಚಣಿ ಶುರುವಾಗಿರುತ್ತದೆ.

ಕೆಳಗೆ ಬಂದು ಟಾಂಗಾ ಹತ್ತಿದೆವು. ಮಲಿಕ್-ಎ-ಮೈದಾನ್ ಎಂಬ ಹಳೇ ಫಿರಂಗಿ ತೋಪಿನ ದಾರಿ ತೋರಿಸಲು ನಾನು ಮೊಬೈಲ್ ತೆಗೆದೆ. ಟಾಂಗಾ ಕಾಕಾ ತಿರುಗಿ ಸಹ ನೋಡಲಿಲ್ಲ. "ಅದನ್ನ ಕಿಸೆದಾಗ ಇಡ್ರಿ ಸರ. ಕುದರಿಗೆ ಗೊತ್ತೈತಿ." ಗಾಂಧಿ ಚೌಕಿನ ಹಾರ್ನು, ಆಟೊ, ಬಾಳೆಹಣ್ಣಿನ ಗಾಡಿ ಯಾವುದಕ್ಕೂ ಕುದುರೆ ದಾರಿ ತಪ್ಪಲಿಲ್ಲ. ಒಂದು ಕಡೆ ಹಸಿ ಹುಲ್ಲಿನ ಹೊರೆ ಕಂಡು ನಿಂತಿತು. ಒಟ್ಟು ಪಯಣದಲ್ಲಿ ಅದೊಂದೇ ಜಾಮಿಂಗು. ಕಾಕಾ ನಾಲಿಗೆಯಲ್ಲಿ "ಚ್ಚು ಚ್ಚು" ಅಂದ, ಸರಿಹೋಯಿತು.

ತೋಪಿನ ತೂಕ ಸುಮಾರು 55 ಟನ್. ಹತ್ತು ಆನೆ, ನಾನೂರು ಎತ್ತು ಎಳೆದು ತಂದವು ಅಂತಾರೆ. 1854ರಲ್ಲಿ ಬ್ರಿಟಿಷರು ಇದನ್ನು ಹರಾಜಿಗಿಟ್ಟಾಗ ಬಂದ ಬೆಲೆ ನೂರೈವತ್ತು ರೂಪಾಯಿ. ಆಮೇಲೆ ನಾಚಿಕೆಯಾಯಿತೋ ಏನೋ, ಹರಾಜು ರದ್ದು ಮಾಡಿದರು.

ಗೆಳೆಯ ತೋಪಿನ ಮೇಲೆ ಕೈಯಾಡಿಸುತ್ತಾ ನಿಟ್ಟುಸಿರು ಬಿಟ್ಟ. "ನೂರೈವತ್ತಕ್ಕ ಐವತ್ತೈದು ಟನ್ ಗುಜರಿ. ನಾ ಇದ್ದಿದ್ರ ಬಿಡ್ತಿದ್ದಿಲ್ಲೋ."

"ಮೊದಲು ನನ್ನ ಐದು ಸಾವಿರ ಕೊಡು" ಎಂದೆ.

"ಏನಂದಿ?" ಎಂದು ಕಿವಿಗೆ ಕೈ ಹಚ್ಚಿದ. ಸುತ್ತಮುತ್ತ ಒಬ್ಬ ಮಂಜ್ಯಾನೂ ಇರಲಿಲ್ಲ.