ಎರಡೇ ವೈರು ಭಾವ
ಇದನ್ನ ಟೈಪ್ ಮಾಡ್ತಿರೋವಾಗ ಹೊರಗಡೆ ನನ್ನ ಗಾಡಿಯ ಇಂಜಿನ್ ತಣ್ಣಗಿಡೋ ಫ್ಯಾನು ಓಡ್ತಾನೇ ಇದೆ. ಇಂಜಿನ್ ಆಫ್ ಆಗಿದೆ, ಕೀ ನನ್ನ ಜೇಬಲ್ಲಿದೆ, ನಾನು ಮನೆಯೊಳಗೆ ಕೂತಿದೀನಿ, ಫ್ಯಾನ್ ಮಾತ್ರ ಇನ್ನೂ ಡ್ಯೂಟಿಲಿದೆ. ನಾನು ಚಪ್ಪಲಿ ಬಿಡೋಷ್ಟರಲ್ಲೇ ಪಕ್ಕದ ಮನೆಯವ್ರು ಕಾಂಪೌಂಡ್ ಮೇಲಿಂದ ಕತ್ತು ಚಾಚಿ "ಸಾರ್, ಗಾಡಿ ಆಫ್ ಮಾಡೋದು ಮರ್ತಿದೀರ" ಅಂದ್ರು. ಇಲ್ಲ ಸಾರ್ ಅದು ಬರೀ ಫ್ಯಾನು ಅಂದೆ. ನಿನ್ನೆನೂ ಅದೇ ಅಂದಿದ್ದೆ, ಮೊನ್ನೆನೂ. ಪಾಪ ದಿನಾ ಮರೀತಾನೆ, ದಿನಾ ಮುಚ್ಚಿಡ್ತಾನೆ ಅಂತ ಅವ್ರು ತೀರ್ಮಾನ ಮಾಡಿಯಾಗಿದೆ, ಮುಖದಲ್ಲೇ ಕಾಣುತ್ತೆ.

ಇದಕ್ಕೆಲ್ಲ ಕಾರಣ ನನ್ನ ಭಾವಮೈದ. ಅಲ್ಲ, ನ್ಯಾಯವಾಗಿ ಹೇಳ್ಬೇಕಂದ್ರೆ ಮೊದಲ ಕಾರಣ ಹಳೇ ಫ್ಯಾನು. ಅದು ಒಂದು ಜಾರೋ ಕ್ಲಚ್ಚಿನ ಮೂಲಕ ವಾಟರ್ ಪಂಪಿನ ಮೂತಿಗೆ ಕೂತು, ಬೆಲ್ಟ್ ಜೊತೆ ಇಂಜಿನ್ ವೇಗಕ್ಕೆ ತಕ್ಕ ಹಾಗೆ ತಿರುಗೋ ಜಾತಿ. ಟ್ರಾಫಿಕ್ಕಲ್ಲಿ ನಿಂತಾಗ ಇಂಜಿನ್ನೇ ತೂಕಡಿಸ್ತಿರುತ್ತೆ, ಫ್ಯಾನೂ ತೂಕಡಿಸುತ್ತೆ, ಟೆಂಪರೇಚರ್ ಮುಳ್ಳು ಮಾತ್ರ ಮೇಲೇಳುತ್ತೆ. ಹೈವೇಲಿ ಎದುರುಗಾಳಿ ತಾನಾಗೇ, ಇಂಜಿನ್ನಿನ ಬಿಸಿನೀರು ತಣ್ಣಗಾಗೋ ರೇಡಿಯೇಟರಿಗೆ ನುಗ್ಗೋವಾಗ, ಯಾರೂ ಕರೀದೆ ಇದ್ರೂ, ಕ್ಲಚ್ಚು ಜಾರಿದ್ರೂ, ಇದು ಸುಮ್ನಿರದೆ ತಿರುಗ್ತಾನೇ ಇರುತ್ತೆ. ಬೇಕಾದಾಗ ಸೋಮಾರಿ, ಬೇಡ್ದಾಗ ಶ್ರಮಜೀವಿ. ಆಫೀಸಲ್ಲಿ ಇಂಥವ್ರನ್ನ ನೋಡಿದೀನಿ, ಬಿಡಿ.

"ಎಲೆಕ್ಟ್ರಿಕ್ ಫ್ಯಾನ್ ಹಾಕ್ಸಿಬಿಡಿ ಭಾವ, ಏನಿಲ್ಲ, ಎರಡೇ ವೈರು" ಅಂದ ಭಾವಮೈದ. ಈ ಎರಡೇ ವೈರು ಅವನ ತಾರಕಮಂತ್ರ. ಮನೇಲಿ ಗೀಸರ್ ಕೆಟ್ರೂ ಎರಡೇ ವೈರು, ಇನ್ವರ್ಟರ್ ಕೆಟ್ರೂ ಎರಡೇ ವೈರು. ಒಂದ್ಸಲ ನನಗೆ ಎದೆ ಉರಿ ಬಂದಾಗ ಅವನು ಬಾಯಿ ತೆಗೆಯೋಕೆ ಮುಂಚೆನೇ ಬೇಡ ಕಣೋ ಅಂದಿದ್ದೆ.

ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿದ್ವಿ. ಹಳೇ ಫ್ಯಾನಿನ ನಟ್ಟು ಜಪ್ಪಯ್ಯ ಅಂದ್ರೂ ಅಲ್ಲಾಡ್ಲಿಲ್ಲ. ಅವನು ಪುಲ್ಲಿ ಹಿಡ್ಕೊಂಡ, ನಾನು ಸ್ಪ್ಯಾನರಿಗೆ ಜೋತುಬಿದ್ದೆ, ಅರ್ಧ ಗಂಟೆ ಆದ್ಮೇಲೆ ಅದು ಉಲ್ಟಾ ಥ್ರೆಡ್ಡು ಅಂತ ಗೊತ್ತಾಯ್ತು, ಅಂದ್ರೆ ಅಷ್ಟು ಹೊತ್ತೂ ನಾವಿಬ್ರೂ ಸೇರಿ ಶ್ರದ್ಧೆಯಿಂದ ಅದನ್ನ ಟೈಟ್ ಮಾಡ್ತಿದ್ವಿ. ಆಮೇಲೆ ವೈರು. ಫ್ಯಾನಿಗೆ ಎರಡೇ, ಸುಳ್ಳಲ್ಲ. ಆದ್ರೆ ಅದು ಎಳೆಯೋ ಕರೆಂಟು ಜಾಸ್ತಿ, ಸಣ್ಣ ಸ್ವಿಚ್ಚು ಕರಗಿಹೋಗುತ್ತೆ, ಅದಕ್ಕೊಂದು ರಿಲೇ (ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟನ್ನ ಆನ್ ಮಾಡೋ ಸ್ವಿಚ್ಚು), ರಿಲೇಗೊಂದು ಫ್ಯೂಸು, ನೀರು ಬಿಸಿಯಾಗಿದೆ ಅಂತ ಹೇಳೋಕೊಂದು ಸೆನ್ಸರ್ ಸ್ವಿಚ್ಚು. ರಿಲೇ ಕಾಲುಗಳ ಮೇಲೆ 30, 85, 86, 87 ಅಂತ ನಂಬರ್ ಬೇರೆ, ಮಧ್ಯದ ಐವತ್ನಾಲ್ಕು ಎಲ್ಲಿಗೆ ಹೋದ್ವೋ ದೇವರಿಗೇ ಗೊತ್ತು. ಎರಡು ವೈರು ಹನ್ನೊಂದಾಯ್ತು. ನಾನು ಎಣಿಸ್ತಿದ್ದೆ, ಅವನು ನಾನು ಎಣಿಸೋದನ್ನ ನೋಡ್ದೇ ಇರೋ ಹಾಗೆ ಟೇಪ್ ಸುತ್ತುತಿದ್ದ.

ಸಂಜೆ ಒಂದು ರೌಂಡು ಹೋದ್ವಿ. ಫ್ಯಾನು ಸೊಂಯ್ಯಂತ ಓಡ್ತು, ಮುಳ್ಳು ಮೇಲೇರ್ತಾ ಹೋಯ್ತು. ಸ್ಪೀಡಾಗಿ ಹೋದ್ರೆ ಗಾಳಿ ಬಡಿದು ಇಳಿಯುತ್ತೆ ಅಂತ ಸ್ಪೀಡಾಗಿ ಹೋದ್ರೆ ಇಳಿಯೋ ಲಕ್ಷಣವೇ ಇಲ್ಲ. ಗಾಡಿ ಪಕ್ಕಕ್ಕೆ ಹಾಕಿ ಬಾನೆಟ್ ಎತ್ತಿದ್ರೆ ಫ್ಯಾನು ಗಿರಗಿರ ತಿರುಗ್ತಿದೆ, ತಪ್ಪು ಹುಡುಕೋಕೇ ಆಗಲ್ಲ. ಕಡೆಗೆ ನಾನು ಗಾಡಿ ಪುಸ್ತಕದಿಂದ ಒಂದು ಹಳೇ ರಸೀದಿ ಎತ್ಕೊಂಡು ಮುಂದಿನ ಗ್ರಿಲ್ಲಿಗೆ ಹಿಡಿದೆ. ಇಂಜಿನ್ ಕಡೆ ಕೂತಿರೋ ಫ್ಯಾನು ರೇಡಿಯೇಟರ್ ಮೂಲಕ ಗಾಳೀನ ಒಳಗೆ ಎಳೀಬೇಕು, ಕಾಗದ ಗ್ರಿಲ್ಲಿಗೆ ಅಂಟ್ಕೊಬೇಕು. ಕೈ ಬಿಟ್ಟೆ. ರಸೀದಿ ಹಾರಿ ಸೀದಾ ಭಾವಮೈದನ ಮೂಗಿಗೆ ಅಂಟ್ಕೊಂಡ್ತು. ಅವನು ಅದನ್ನ ನಿಧಾನಕ್ಕೆ ಬಿಡಿಸ್ಕೊಂಡು, ಎರಡು ಕಡೆನೂ ತಿರುಗಿಸಿ ನೋಡಿ, ಬಹಳ ತೃಪ್ತಿಯಿಂದ "ಗಾಳಿ ಚೆನ್ನಾಗೇ ಬರ್ತಿದೆ ಭಾವ" ಅಂದ.

ಎಲ್ಲಿಗೆ ಬರ್ತಿದೆ ಅಂತ ನೋಡೋ ಅಂದೆ. ಅವನಿಗೆ ನಂಬಿಕೆ ಬರ್ಲಿಲ್ಲ, ಇನ್ನೊಂದ್ಸಲ ಹಿಡಿದ, ಇನ್ನೊಂದ್ಸಲ ಹಾರ್ತು. ಕರ್ಚೀಫ್ ಹಿಡಿದ, ಅದೂ ಹಾರ್ತು. ದಾರೀಲಿ ಹೋಗೋ ಇಬ್ರು ನಿಂತ್ಕೊಂಡ್ರು, ದೊಡ್ಡ ಮನುಷ್ಯರಿಬ್ರು ಗಾಡಿಗೆ ರಸೀದಿ ತಿನ್ನಿಸೋಕೆ ಹೋಗ್ತಿದ್ರೆ, ಗಾಡಿ ಬೇಡ ಅಂತ ಉಗೀತಿದ್ರೆ ಯಾರಾದ್ರೂ ನಿಲ್ಲಲ್ವ. ಎದುರುಗಾಳಿ ಒಳಗೆ ಬರೋಕೆ ನೋಡ್ತಿದೆ, ನಮ್ಮ ಫ್ಯಾನು ಅದನ್ನ ಬಾಗಿಲಲ್ಲೇ ತಡೆದು ವಾಪಸ್ ಕಳಿಸ್ತಿದೆ. ಪ್ಲಸ್ಸು ಮೈನಸ್ಸು ಅದಲುಬದಲಾಗಿತ್ತು. ಹನ್ನೊಂದರಲ್ಲಿ ತಪ್ಪಿದ್ದು ಎಷ್ಟು ವೈರು ಅಂತೀರಿ? ಎರಡೇ.

ಈಗ ಸರಿಯಾಗಿದೆ, ಟ್ರಾಫಿಕ್ಕಲ್ಲಿ ಮುಳ್ಳು ಅಲ್ಲಾಡಲ್ಲ, ಒಪ್ಕೋತೀನಿ. ಹಳೇದನ್ನ ಮೆಟ್ಟಿಲ ಕೆಳಗಿಟ್ಟಿದೀನಿ, ಗುಜರಿಗೆ ಹಾಕೋಕೆ ಕೈ ಬರ್ತಿಲ್ಲ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಅದರ ಕ್ಲಚ್ಚೊಳಗಿನ ಸಿಲಿಕೋನ್ ಎಣ್ಣೆ ಹಿಡ್ಕೊಂಡು, ಒಂದೆರಡು ನಿಮಿಷ ವಿಮಾನ ಏಳೋ ಥರ ಮೊರೀತಿತ್ತು. ಆ ಸದ್ದು ಕೇಳಿ ಮಗಳು ಶೂ ಹಾಕ್ಕೊಳ್ಳೋಳು, ಕರೆಯೋ ಕೆಲಸವೇ ಇರ್ಲಿಲ್ಲ. ಈಗ ಸ್ಟಾರ್ಟ್ ಮಾಡಿ ಕೂತಿರ್ತೀನಿ, ಯಾರೂ ಬರಲ್ಲ, ಹಾರ್ನ್ ಹೊಡೀಬೇಕು. "ಹೊರಟಿದ್ದು ಗೊತ್ತೇ ಆಗ್ಲಿಲ್ಲ ಅಪ್ಪ" ಅಂತಾಳೆ.

ಆಫ್ ಮಾಡಿದ್ಮೇಲೂ ಓಡೋದು ಯಾಕೆ ಅಂದ್ರೆ, ರಿಲೇಗೆ ಸಪ್ಲೈ ನೇರ ಬ್ಯಾಟರಿಯಿಂದ ಕೊಟ್ಟಿದಾನೆ ಮಹಾನುಭಾವ. ಇಂಜಿನ್ ನಿಂತ್ರೆ ಪಂಪೂ ನಿಲ್ಲುತ್ತೆ, ನೀರು ಹರಿಯಲ್ಲ. ಫ್ಯಾನು ರೇಡಿಯೇಟರನ್ನ ತಣ್ಣಗೆ ಮಾಡ್ತಾ ಕೂತಿರುತ್ತೆ, ಸೆನ್ಸರ್ ಆ ಕಡೆ ಇಂಜಿನ್ ಪಕ್ಕ ಬಿಸಿ ಬಿಸಿ ಅಂತ ಬಾಯಿ ಬಡ್ಕೋತಿರುತ್ತೆ. ಈಗಷ್ಟೇ ಫೋನ್ ಮಾಡಿದ್ದೆ. ಕೀ ಆನ್ ಇದ್ದಾಗ ಮಾತ್ರ ಕರೆಂಟ್ ಬರೋ ಲೈನಿಂದ ತಗೊಂಡ್ರಾಯ್ತಂತೆ. "ಈ ಸಲ ಒಂದೇ ವೈರು ಭಾವ."

ಹಾಂ, ನಿಲ್ತು ನೋಡಿ. ಅಬ್ಬಾ.

ಇಲ್ಲ, ಮತ್ತೆ ಶುರುವಾಯ್ತು. ಕಾಲಿಂಗ್ ಬೆಲ್ಲೂ ಆಗ್ತಿದೆ, ಯಾರು ಅಂತ ಎದ್ದು ನೋಡೋದೇ ಬೇಡ.