ಪೆಪ್ಪರ್‌ಮಿಂಟ್ ಅಲ್ಲ ರೀ ಅದು!

ನಿನ್ನೆ ಮುಂಬೈನ ಮಾಟುಂಗಾದಲ್ಲಿ ಸಂಗೀತ ಕಛೇರಿ. ಪಿಟೀಲು ಪೆಟ್ಟಿಗೆ ಹಿಡಿದು ಡೊಂಬಿವಲಿಯಿಂದ ಲೋಕಲ್ ಹತ್ತುವ ನನ್ನ ಗೋಳು ನಿಮಗೆಲ್ಲ ಗೊತ್ತೇ ಇದೆ. ಸಿಟ್ಟು ಬಂದಿದ್ದು ಅದಕ್ಕಲ್ಲ.

ಹಾಡಬೇಕಿದ್ದ ಹುಡುಗಿಗೆ 16 ವರ್ಷ. ಗ್ರೀನ್ ರೂಮಿನಲ್ಲಿ ಬೆವರುತ್ತಾ ಕೂತಿದ್ದಳು. ನಮ್ಮವರೇ ಒಬ್ಬರು ಆಂಟಿ ಪರ್ಸ್ ತೆಗೆದರು. ಸೇಫ್ಟಿ ಪಿನ್ನು, ಲವಂಗ, ಕುಂಕುಮದ ಡಬ್ಬಿ, ಅದರ ನಡುವೆ ಒಂದು ಮಾತ್ರೆ ಸ್ಟ್ರಿಪ್ಪು. "ತಗೋ ಪುಟ್ಟಾ, ಎದೆ ಡವಡವ ನಿಲ್ಲುತ್ತೆ. ನಾನೂ ತಗೊಳ್ತೀನಿ." ನೋಡಿದರೆ ಪ್ರೊಪ್ರಾನೊಲಾಲ್, ಎದೆಬಡಿತ ತಗ್ಗಿಸುವ ಹೃದಯದ ಮಾತ್ರೆ!

"ನಿಂಗೆ ಉಬ್ಬಸ ಏನಾದ್ರೂ ಇದೆಯೇನಮ್ಮಾ?" ಅಂದೆ. ಹುಡುಗಿ ಸುಮ್ನೆ ಬ್ಯಾಗಿನಿಂದ ಇನ್‌ಹೇಲರ್ ತೆಗೆದು ತೋರಿಸಿದಳು.

ಉಬ್ಬಸದವರಿಗೆ ಈ ಮಾತ್ರೆ ಶ್ವಾಸನಾಳವನ್ನೇ ಬಿಗಿ ಮಾಡಿಬಿಡಬಹುದು. ಆಗ ಇನ್‌ಹೇಲರ್ ಎಳೆದರೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದರ ಔಷಧಿ ಹೋಗಿ ಕೂರಬೇಕಾದ ಜಾಗದಲ್ಲಿ ಇದು ಮೊದಲೇ ಕೂತಿರುತ್ತದೆ.

ಮಾತ್ರೆಯ ಮೇಲೆ ನನಗೆ ದ್ವೇಷವಿಲ್ಲ. ನಾನೇ ತಗೊಳ್ತೀನಿ, 4 ವರ್ಷದಿಂದ. ಹೌದು, ಬರೆದುಬಿಟ್ಟೆ. ಹಾಡುವವರ ಕೈ ನಡುಗಿದರೆ ತಾಳದಲ್ಲಿ ಮುಚ್ಚಿಹೋಗುತ್ತದೆ. ನಮ್ಮ ಬಲಗೈ ನಡುಗಿದರೆ ಕಮಾನು ತಂತಿಯ ಮೇಲೆ ಕುಣಿಯುತ್ತದೆ, ನೆಟ್ಟಗೆ ನಿಲ್ಲಬೇಕಾದ 'ಸ' ಸ್ವರಕ್ಕೂ ಗಮಕದ ಓಲಾಟ ಬರುತ್ತದೆ! ಡಾಕ್ಟರು ಬಿಪಿ, ನಾಡಿ ನೋಡಿ, ಉಬ್ಬಸ ಇದೆಯಾ, ಶುಗರ್ ಇದೆಯಾ ಕೇಳಿ, 10 ಮಿಲಿಗ್ರಾಂ ಬರೆದುಕೊಟ್ಟರು. ಮೊದಲು ಕಛೇರಿ ಇಲ್ಲದ ದಿನ ಮನೆಯಲ್ಲಿ ತಗೊಂಡು ನೋಡಿ ಅಂದರು. ಹೆದರಿಕೆ ಏನೂ ಹೋಗುವುದಿಲ್ಲ. ಮನಸ್ಸು "ತಪ್ತೀಯ, ತಪ್ತೀಯ" ಅಂತ ಕೂಗುತ್ತಲೇ ಇರುತ್ತದೆ. ಕೈ ಮಾತ್ರ ಅದರ ಮಾತು ಕೇಳುವುದಿಲ್ಲ.

ಬ್ರಿಟಿಷ್ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಇದನ್ನು 1960ರ ದಶಕದಲ್ಲಿ ಕಂಡುಹಿಡಿದದ್ದು ಹೃದಯದ ಕಾಯಿಲೆಗೆ. 1988ರಲ್ಲಿ ನೊಬೆಲ್ ಬಂತು. ಗುರಿ ಹಿಡಿಯುವ ಕೈ ನಡುಗದಂತೆ ಮಾಡುತ್ತದೆ ಅಂತ ಶೂಟಿಂಗ್, ಬಿಲ್ಲುಗಾರಿಕೆಯಲ್ಲಿ ಇದಕ್ಕೆ ನಿಷೇಧ ಇದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಶೂಟರ್ ಒಬ್ಬರ ಎರಡು ಪದಕ ಕಿತ್ತುಕೊಂಡರು. ಪುಣ್ಯಕ್ಕೆ ಕಛೇರಿಗೆ ಡೋಪ್ ಟೆಸ್ಟ್ ಇಲ್ಲ. ಇಂಥದ್ದು ಲವಂಗದ ಜೊತೆ ಪರ್ಸಿನಲ್ಲಿ!

"ಹತ್ತು ಮಿಲಿಗ್ರಾಂ ಕಣ್ರೀ, ಇಷ್ಟು ವರ್ಷದಲ್ಲಿ ಯಾರಿಗೆ ಏನಾಗಿದೆ?" ಅಂದರು ಆಂಟಿ. ಆಗಿದ್ದರೆ ಯಾರು ಬಂದು ಹೇಳ್ತಾರೆ ಹೇಳಿ? ಎಲ್ಲರೂ ಕದ್ದು ನುಂಗುವವರೇ. ವೇದಿಕೆಯ ಮೇಲೆ ಮಾತ್ರ "ಎಲ್ಲಾ ಸಾಧನೆ, ಗುರುಗಳ ಆಶೀರ್ವಾದ"!

ಮಾತ್ರೆ ಕೊಡದೆ, ಹುಡುಗಿಗೆ ಬರೀ ಬಿಸಿನೀರು ಕುಡಿಸಿ ವೇದಿಕೆಗೆ ಕಳಿಸಿದೆವು. ಮೊದಲು ಹಾಡಿದ ವರ್ಣದಲ್ಲಿ ದನಿ ನಡುಗಿತು. ಮೋಹನ ರಾಗಕ್ಕೆ ಬರುವಷ್ಟರಲ್ಲಿ ನಾನೇ ಅವಳ ಹಿಂದೆ ಓಡಬೇಕಾಯಿತು. ಆಂಟಿ ಇನ್ನೂ ಮಾತು ಬಿಟ್ಟಿದ್ದಾರೆ.

ಇಷ್ಟು ಜೋರು ಮಾಡುವ ನಾನೇನು ಸಾಚಾ ಅಲ್ಲ. ಎರಡು ವರ್ಷದ ಹಿಂದೆ ನಾನೂ ನನ್ನ ಸ್ಟ್ರಿಪ್ಪಿನಿಂದ ಒಂದು ಕಿತ್ತು ಮೃದಂಗದವರೊಬ್ಬರಿಗೆ ಕೊಟ್ಟಿದ್ದೆ. ಅವರು ಇನ್ಸುಲಿನ್ ತಗೊಳ್ತಾರೆ ಅಂತ ಗೊತ್ತಾಗಿದ್ದು ಮಂಗಳ ಹಾಡಿದ ಮೇಲೆ. ಶುಗರ್ ಇಳಿದರೆ ಎದೆ ಹೊಡೆದುಕೊಂಡು, ಕೈ ನಡುಗಿ ಎಚ್ಚರಿಸುತ್ತದಲ್ಲ, ಆ ಎಚ್ಚರಿಕೆಯನ್ನೇ ಈ ಮಾತ್ರೆ ಮುಚ್ಚಿಬಿಡುತ್ತದೆ. ರಾತ್ರಿಯೆಲ್ಲ ಅವರಿಗೆ ಫೋನ್ ಮಾಡಿದೆ, "ಊಟ ಆಯ್ತಾ ಸರ್?" ಅಂತ. ನಾಲ್ಕನೇ ಸಲ ಅವರ ಹೆಂಡತಿ ಎತ್ತಿಕೊಂಡು, "ನಿಮ್ಮದು ಆಯ್ತೇನ್ರೀ?" ಅಂದರು.

ಕಾರಣ ಇವತ್ತಿನವರೆಗೂ ಹೇಳಿರಲಿಲ್ಲ. ಸರ್, ಇಲ್ಲೇ ಎಲ್ಲೋ ಓದುತ್ತಿರುತ್ತೀರಿ, ಕ್ಷಮಿಸಿಬಿಡಿ. ಅಕ್ಕನಿಗೂ ಹೇಳಿ.