ಬೀರು ಕೆಳಗಿನ ಮಾರ್ಕ್ಸ್

ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವಾಗ, 1986ರಲ್ಲಿ, ಮಾರ್ಕ್ಸ್‌ನ ‘ಕ್ಯಾಪಿಟಲ್’ ಮೊದಲ ಸಂಪುಟ ಕೊಂಡಿದ್ದೆ. ಕಾರ್ಮಿಕರ ದುಡಿಮೆಯಿಂದ ಮಾಲೀಕರು ಲಾಭ ಮಾಡಿಕೊಳ್ಳುವುದನ್ನು ಬಯಲಿಗೆಳೆದ ಪುಸ್ತಕ. ಮಾಸ್ಕೋದಲ್ಲಿ ಅಚ್ಚಾದ ಇಂಗ್ಲಿಷ್ ಪ್ರತಿ. ಗಟ್ಟಿ ರಟ್ಟು, ಹಾಸ್ಟೆಲ್ ಹುಡುಗರಿಗೂ ಎಟುಕುವ ಬೆಲೆ. ಕಂಕುಳಲ್ಲಿಟ್ಟುಕೊಂಡು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಓಡಾಡಿದ್ದೇ ಹೆಚ್ಚು.

ನಿವೃತ್ತಿಯಾದ ಮೇಲೆ ಮತ್ತೆ ಓದೋಣವೆಂದು ಹುಡುಕಿದರೆ ಪುಸ್ತಕವಿಲ್ಲ.

“ಅದಾ? ಬೀರು ಕುಂಟು ಕಾಲಿಗೆ ಕೊಟ್ಟಿದೀನಿ. ಇಷ್ಟು ವರ್ಷ ಆಯ್ತು, ಒಂಚೂರು ಅಲ್ಲಾಡಿಲ್ಲ” ಅಂದಳು ಹೆಂಡತಿ. ಸೋವಿಯತ್ ಒಕ್ಕೂಟ 1991ರಲ್ಲೇ ಮುರಿದುಬಿತ್ತು. ಅದರ ರಟ್ಟು ನಮ್ಮ ಕಬ್ಬಿಣದ ಬೀರು ಹೊತ್ತು ನಿಂತಿತ್ತು!

ಉತ್ಸಾಹದಲ್ಲಿ ಎಳೆದೆ. ಆರ್ಥಿಕ ತಳಪಾಯ ಬದಲಾದರೆ ಅದರ ಮೇಲಿನ ಕಾನೂನು, ರಾಜಕೀಯದ ಕಟ್ಟಡವೆಲ್ಲ ಬದಲಾಗುತ್ತದೆಂದು ಮಾರ್ಕ್ಸ್ 1859ರಲ್ಲೇ ಬರೆದಿದ್ದ. ಪರೀಕ್ಷೆಯಲ್ಲಿ ಅದರ ಬಗ್ಗೆ ನಾಲ್ಕು ಪುಟ ಗೀಚಿದ್ದವನಿಗೆ ಎಳೆಯುವಾಗ ನೆನಪಾಗಲಿಲ್ಲ. ಬೀರು ವಾಲಿತು. ಮೇಲಿದ್ದ ಹಿತ್ತಾಳೆ ಕೊಳಗ, ಹಳೇ ಸೂಟ್‌ಕೇಸು, ಬಾಗಿನದ ಮೊರಗಳು ಸಾಲಾಗಿ ನನ್ನ ಬೆನ್ನಿಗೆ.

ಮುಲಾಮು ಹಚ್ಚಿಸಿಕೊಂಡು ಓದಲು ಕೂತೆ. ಅಂದಿನ ಕೆಂಪು ಪೆನ್ಸಿಲ್ ಗೆರೆಗಳು ಮೊದಲ ಅಧ್ಯಾಯದಲ್ಲೇ ನಿಂತುಹೋಗಿದ್ದವು. ಕ್ರಾಂತಿ ಅಲ್ಲೇ ನಿದ್ದೆಹೋಗಿತ್ತು. ಹೆಂಡತಿಗೂ ತಿಳಿಯಲೆಂದು ಕನ್ನಡ ಮಾಡಿ ಓದಿದೆ: “20 ಗಜ ಲಿನನ್ ಬಟ್ಟೆ ಒಂದು ಕೋಟಿಗೆ ಸಮ.”

“ಒಂದು ಕೋಟಿಯಾ! ರೇಷ್ಮೆಗೂ ಅಷ್ಟಿಲ್ಲ. ಯಾವ ಅಂಗಡಿ ರೀ?”

“ಕೋಟಿ ಅಲ್ಲ ಕಣೇ, ಕೋಟು. ಪಾಪ, ಬರೆದವನೇ 1852ರಲ್ಲಿ ಕೋಟು ಗಿರವಿ ಇಟ್ಟು, ಹೊರಗೆ ಹೋಗೋಕಾಗ್ತಿಲ್ಲ ಅಂತ ಸ್ನೇಹಿತ ಎಂಗೆಲ್ಸ್‌ಗೆ ಕಾಗದ ಬರೆದಿದ್ದ. ಎಂಗೆಲ್ಸ್ ಅಪ್ಪಂಗೆ ಮ್ಯಾಂಚೆಸ್ಟರಿನ ಹತ್ತಿ ಗಿರಣೀಲಿ ಪಾಲಿತ್ತು. ಆ ಸ್ನೇಹಿತನೇ ದುಡ್ಡು ಕಳಿಸ್ತಿದ್ದದ್ದು.”

“ಅಂದ್ರೆ ಗಿರಣಿ ದುಡ್ಡಲ್ಲೇ ಗಿರಣಿಯವರನ್ನ ಬೈದಿದ್ದು” ಎಂದು ಒಳಗೆ ಹೋದಳು. ಈ ಒಂದು ವಾಕ್ಯಕ್ಕೆ ನಮ್ಮ ಪ್ರೊಫೆಸರು ಒಂದು ಸೆಮಿನಾರೇ ಇಡುತ್ತಿದ್ದರು.

ಕೆಲಸದ ಅವಧಿಯ ಅಧ್ಯಾಯ ತೆರೆದಿದ್ದೆ, ಮನೆಗೆಲಸದಾಕೆ ಬಂದಳು. ಚೆಲ್ಲಾಪಿಲ್ಲಿ ನೋಡಿ, “ನಾನು ಒಪ್ಕಂಡಿರೋದು ಪಾತ್ರೆ, ನೆಲ. ಇದಕ್ಕೆ ಬೇರೆ ಕೊಡ್ಬೇಕು” ಅಂದಳು.

“ಅರ್ಧ ಗಂಟೆ ಕೆಲಸ ತಾನೇ ಕಣಮ್ಮ...” ನನ್ನ ಬೆರಳು ಇನ್ನೂ ಪುಸ್ತಕದೊಳಗೇ ಇತ್ತು. ಅಡುಗೆಮನೆಯಿಂದ ಹೆಂಡತಿ ಕೆಮ್ಮಿದಳು. ಇನ್ನೂರು ಕೊಟ್ಟೆ.

ಎಲ್ಲ ಎತ್ತಿಟ್ಟ ಮೇಲೆ ಆಕೆ ಬೀರು ಹಿಡಿದುಕೊಂಡು, “ಆ ದಪ್ಪ ಪುಸ್ತಕ ಇತ್ಲಾಗೆ ಕೊಡಿ ಸಾರ್” ಅಂದಳು. ಮನಸ್ಸಾಗದೆ ನನ್ನದೇ ಎಂ.ಎ. ಪ್ರಬಂಧ ಕೊಟ್ಟೆ. ದಪ್ಪ ಸಾಲಲಿಲ್ಲ. ಬೀರು ಈಗ ತುಸು ಎಡಕ್ಕೆ ವಾಲಿಕೊಂಡೇ ನಿಂತಿದೆ.